ಹಲಗೆ ಹಾದಿಯಲ್ಲಿ ಅಕ್ಕ ಎಣಿಸಿದ್ದು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ದೊಡ್ಡ ಯಂತ್ರಗಳಿವೆ. ಅವುಗಳ ಪಕ್ಕದ ಕೋಣೆಯಲ್ಲಿ ಹರಿದ ಹಾಸಿಗೆ ಬಟ್ಟೆ, ದಿಂಬಿನ ಚೀಲ, ರೋಗಿಗಳ ಹಸಿರು ನಿಲುವಂಗಿಗಳಿಗೆ ತೇಪೆ ಹಾಕುವುದು ಅವಳ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ ಕುರ್ಚಿ, ಅದೇ ಹೊಲಿಗೆ ಯಂತ್ರ. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ವಾರ್ಡಿನ ಆಯಾಗಳೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದರು. ಒಮ್ಮೆ ಆಸ್ಪತ್ರೆಯ ದೊಡ್ಡ ಡಾಕ್ಟರೇ ಬಾಗಿಲಲ್ಲಿ ನಿಂತು, "ಅಕ್ಕಾ, ನನ್ನ ಕೋಟಿನ ಗುಂಡಿ ಬಿತ್ತು" ಅಂದದ್ದನ್ನು ಅವಳು ನಾಲ್ಕು ವರ್ಷ ಹೇಳಿಕೊಂಡು ನಕ್ಕಿದ್ದಳು.

ಎಣಿಸುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಮಡಚಿಟ್ಟ ಬಟ್ಟೆಯ ರಾಶಿಯ ಮೇಲೆ ಒಮ್ಮೆ ಕಣ್ಣು ಹಾಯಿಸಿ, "ನೂರಾ ನಲವತ್ತು, ಎರಡು ಕಡಿಮೆ" ಅನ್ನುವಳು. ಅನುಮಾನ ಬಂದವರು ಎಣಿಸಿ ನೋಡಿದರೆ ನೂರಾ ಮೂವತ್ತೆಂಟೇ ಇರುತ್ತಿತ್ತು. "ಹತ್ತರ ಕಟ್ಟು ಕಣ್ಣಲ್ಲೇ ಕಟ್ಟಿಕೊಂಡು ಹೋಗೋದು, ಅಷ್ಟೇ" ಎಂದು ಅವಳು ಹೇಳಿಕೊಡಲು ನೋಡುತ್ತಿದ್ದಳು. ಯಾರಿಗೂ ಅದು ಹತ್ತಲಿಲ್ಲ.

ಗಂಡ ತೀರಿಕೊಂಡ ಮೇಲೆ ತಮ್ಮನ ಜತೆಗೇ ಇದ್ದಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ, ಓಣಿಯ ಕಡೆಗೆ ಒಂದು ಕಿಟಕಿ. ಅವನು ಊರಿನ ಬಸ್ಸಿನ ಡ್ರೈವರು. ಅವನ ಮದುವೆಯ ಮಾತು ಒಂದೆರಡು ಸಲ ಬಂದು ಅಲ್ಲೇ ನಿಂತಿತ್ತು. ಆಮೇಲೆ ಅವನೂ ಕೇಳಲಿಲ್ಲ, ಇವಳೂ ಕೆದಕಲಿಲ್ಲ. ಸಣಕಲು ಮೈ, ಉದ್ದ ಕಾಲು, ಮುಂದಕ್ಕೆ ಚಾಚಿದ ಕತ್ತು. ಡಿಪೋದಲ್ಲಿ ಅವನಿಗೆ ಕೊಕ್ಕರೆ ಎಂದು ಹೆಸರಿಟ್ಟಿದ್ದರು. ಅದು ಆಕಾರಕ್ಕೆ ಇಟ್ಟ ಹೆಸರು ಮಾತ್ರ ಅಲ್ಲ.

ಅವನ ಬಸ್ಸಿನ ಕೊನೆಯ ನಿಲ್ದಾಣ ಸಮುದ್ರದ ಅಳಿವೆಯ ಹತ್ತಿರ. ಅಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ. ಬಸ್ಸು ತಿರುಗಿಸಲು ಒಂದು ವೃತ್ತ, ಪ್ರಯಾಣಿಕರಿಗೊಂದು ತಗಡಿನ ಸೂರು, ಅದರಾಚೆಗೆ ಕೆಸರು ಬಯಲು. ಉಬ್ಬರ ಬಂದಾಗ ಬಯಲೆಲ್ಲ ನೀರು, ಇಳಿದಾಗ ಕಣ್ಣು ಹಾಯುವಷ್ಟು ದೂರ ಹೊಳೆಯುವ ಕೆಸರು. ಆ ಕೆಸರಿನ ಮೇಲೆ ಕಂಬ ನೆಟ್ಟು ಹಲಗೆ ಹಾಸಿ, ಅರ್ಧ ಮೈಲಿ ಉದ್ದದ ಒಂದು ಹಾದಿ ಮಾಡಿದ್ದರು. ಹಾದಿಯ ತುದಿಯಲ್ಲಿ ಬೆಂಚು ಹಾಕಿದ ಸಣ್ಣ ಅಟ್ಟಣೆ. ಬಸ್ಸು ಅಲ್ಲಿ ಇಪ್ಪತ್ತೈದು ನಿಮಿಷ ನಿಲ್ಲಬೇಕಿತ್ತು. ಬೇರೆ ಡ್ರೈವರುಗಳು ಸ್ಟೀರಿಂಗಿಗೆ ಕಾಲು ಚಾಚಿ ನಿದ್ದೆ ಹೊಡೆಯುತ್ತಿದ್ದರು. ಇವನು ಇಳಿದು ಹಲಗೆಯ ಮೇಲೆ ನಡೆಯತೊಡಗಿದ.

ಅಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಪ್ರತಿದಿನ ದುರ್ಬೀನು ಹಿಡಿದು ಕೂತಿರುತ್ತಿದ್ದರು. ಒಂದು ದಿನ ಅವರಾಗಿಯೇ ಅದನ್ನು ಇವನ ಕೈಗೆ ಕೊಟ್ಟು, "ಆ ಬಾಗಿದ ಕೊಕ್ಕಿನದನ್ನ ನೋಡಪ್ಪಾ. ನಿನ್ನ ಬಸ್ಸಿಗೆ ಡೀಸೆಲ್ ಬೇಕು, ಅದು ಬರೀ ರೆಕ್ಕೆ ಬಡಿದು ವರ್ಷ ವರ್ಷ ಸಾವಿರಾರು ಮೈಲಿ ಹಾರಿ ಬರುತ್ತೆ" ಅಂದರು. ಅಷ್ಟು ಸಾಕಾಯಿತು. ಇವನಿಗೆ ಹುಚ್ಚು ಹಿಡಿಯಿತು. ಬಾಗುಕೊಕ್ಕು, ಮೆಟ್ಟುಗಾಲು, ಕೆಂಗಾಲಿ, ಗೊರವ ಎಂದು ಹೆಸರು ಕಲಿತ. ಚಳಿಗಾಲದಲ್ಲಿ ದೂರದೇಶದಿಂದ ಬಂದಿಳಿಯುವ ಹಿಂಡುಗಳನ್ನು ಎಣಿಸಿ, ನೋಟುಪುಸ್ತಕದಲ್ಲಿ ಬರೆದು, ಭಾನುವಾರಕ್ಕೊಮ್ಮೆ ಹಕ್ಕಿ ಗಣತಿಯ ಸಂಘಕ್ಕೆ ಕಳಿಸತೊಡಗಿದ. ಮೇಷ್ಟ್ರು ಹೋದಾಗ ಅವರ ದುರ್ಬೀನು ಇವನಿಗೆ ಉಳಿಯಿತು.

ನಲವತ್ತೇಳರಲ್ಲಿ ಅವನ ಕಣ್ಣು ಕೈಕೊಟ್ಟಿತು. ಮೊದಲು ಸಂಜೆಯ ಹೊತ್ತು ತಡವರಿಸಿದ. ಆಮೇಲೆ ಒಂದು ದಿನ ಬಸ್ಸಿನ ಪಕ್ಕೆಯನ್ನು ಡಿಪೋದ ಗೇಟಿಗೆ ಉಜ್ಜಿದ. ಹಗಲು ಬೆಳಕಿನಲ್ಲಿ, ಹದಿನೆಂಟು ವರ್ಷದಿಂದ ದಿನಾ ನುಗ್ಗಿಸಿದ್ದ ಗೇಟಿಗೆ. ಪರೀಕ್ಷೆ ಮಾಡಿದವರು ಅಂಚಿನಿಂದ ಒಳಕ್ಕೆ ನೋಟ ಮುಚ್ಚಿಕೊಂಡು ಬರುತ್ತಿದೆ ಎಂದರು. "ಕೊಳವೆಯಲ್ಲಿ ಇಣುಕಿದ ಹಾಗೆ ಕಾಣ್ತಿದೆ ಅಲ್ವಾ? ಆ ಕೊಳವೆ ಇನ್ನೂ ಸಣ್ಣದಾಗುತ್ತೆ." ಅಂದೇ ಅವನನ್ನು ಸ್ಟೀರಿಂಗಿನಿಂದ ಇಳಿಸಿದರು. ಸ್ವಲ್ಪ ದಿನ ಡಿಪೋದಲ್ಲಿ ಬೀಗದಕೈ ಕೊಡುವ ಕೆಲಸ ಕೊಟ್ಟರು. ಬೀಗದಕೈಯ ನಂಬರೂ ಕಾಣದಾದಾಗ ಮನೆಗೆ ಕಳಿಸಿದರು.

ಅಕ್ಕ ಹಲಗೆ ಹಾದಿಗೆ ಕಾಲಿಟ್ಟದ್ದು ಆಗಲೇ. ತಮ್ಮ ಒಬ್ಬನೇ ರಸ್ತೆ ದಾಟುವ ಹಾಗಿರಲಿಲ್ಲ, ಭಾನುವಾರದ ಲೆಕ್ಕ ಬಿಡುವ ಹಾಗೂ ಇರಲಿಲ್ಲ.

"ನಂಗೆ ಕಾಗೆ, ಗುಬ್ಬಿ ಬಿಟ್ರೆ ಇನ್ನೊಂದು ಗೊತ್ತಿಲ್ಲ ಕಣೋ" ಅಂದಳು ಮೊದಲ ದಿನ.

"ಗೊತ್ತಾಗೋದು ಬೇಡ. ಹೇಗಿದೆ ಅಂತ ಹೇಳು, ಯಾವುದು ಅಂತ ನಾನು ಹೇಳ್ತೀನಿ."

ಅವಳು ಹೇಳಿದಳು. ಒಂದಿಷ್ಟು ಪುಟಾಣಿಗಳು ಕೆಸರನ್ನು ಹೊಲಿಗೆ ಯಂತ್ರದ ಸೂಜಿಯ ಹಾಗೆ ಟಕಟಕ ಚುಚ್ಚುತ್ತಾ ಹೋಗ್ತಿವೆ ಅಂದಳು. ಇನ್ನೊಂದು ನಮ್ಮ ಹೆಡ್ ನರ್ಸ್ ಥರ, ಯಾರನ್ನೂ ನೋಡದೆ, ನಡುವೆ ನಿಂತಿದೆ ಅಂದಳು. ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು, ಅದು ಬಕ ಅಂದ. ಬರಬರುತ್ತ ಅವಳಿಗೂ ಕಣ್ಣು ಪಳಗಿತು. ಹತ್ತರ ಕಟ್ಟು ಇಲ್ಲಿಯೂ ಕೆಲಸಕ್ಕೆ ಬಂತು. ಹಾರುತ್ತಿರುವ ಹಿಂಡನ್ನು ನೋಡಿ "ಮುನ್ನೂರ ಇಪ್ಪತ್ತು" ಅನ್ನುವಳು. ಗಣತಿ ಸಂಘದಿಂದ ಒಮ್ಮೆ ಬಂದಿದ್ದ ಹೆಂಗಸು, ಇವರಿಬ್ಬರೂ ಗಣತಿ ಮೇಡಂ ಎಂದು ಕರೆಯುತ್ತಿದ್ದವಳು, ಅದೇ ಹಿಂಡಿನ ಫೋಟೋ ತೆಗೆದು ಒಂದೊಂದೇ ಚುಕ್ಕೆ ಇಟ್ಟು ಎಣಿಸಿದಳು. ಮುನ್ನೂರ ಹದಿನಾರು. "ಡ್ರೈವರ್ ಸಾರ್, ನಿಮ್ಮ ಅಕ್ಕನ್ನ ನಮಗೆ ಕೊಟ್ಟುಬಿಡಿ" ಅಂದಳು. ಅಕ್ಕನಿಗೆ ಆ ಇಡೀ ವಾರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಎರಡು ಚಳಿಗಾಲ ಹಾಗೆ ಕಳೆಯಿತು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ವಾರಪೂರ್ತಿ ಟ್ಯೂಬ್‌ಲೈಟಿನ ಕೆಳಗೆ ಕೂರುವವಳಿಗೆ ಅಷ್ಟು ಬಯಲು, ಅಷ್ಟು ಆಕಾಶ ಹಿಂದೆ ಯಾವತ್ತೂ ಸಿಕ್ಕಿರಲಿಲ್ಲ. ತಮ್ಮನ ಕಣ್ಣು ಹೋಗುತ್ತಿರುವುದಕ್ಕೆ ದುಃಖಪಡಬೇಕಾದ ಹೊತ್ತಿನಲ್ಲಿ ತನಗೆ ಇಷ್ಟು ಸುಖ ಆಗುತ್ತಿದೆಯಲ್ಲ ಎಂದು ಅವಳಿಗೆ ಒಳಗೊಳಗೇ ನಾಚಿಕೆ.

ಆಮೇಲೆ ಬಂದರಿನವರು ಬಂದರು. ಹೊಸ ಬಂದರಿಗೆ ಸರಕು ಇಳಿಸುವ ಅಂಗಳ ಬೇಕಿತ್ತು. ಅಳಿವೆಯ ಬಾಯಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿದರು. ಒಡ್ಡಿನ ಪಕ್ಕದಲ್ಲಿ ಹೂಳೆತ್ತುವ ಪಂಪು ಕೂತಿತು. ಅದು ಬೆಳಗಿನಿಂದ ಸಂಜೆಯವರೆಗೆ ಗುಡುಗುಟ್ಟುತ್ತಿತ್ತು, ಹಲಗೆ ಹಾದಿಯ ಮೊಳೆಗಳೂ ಅದಕ್ಕೆ ನಡುಗುತ್ತಿದ್ದವು. ಹದಿನೆಂಟು ವರ್ಷ ಇಂಜಿನ್ನಿನ ಪಕ್ಕ ಕೂತು ತಮ್ಮನ ಒಂದು ಕಿವಿ ಮೊದಲೇ ಮಂದವಾಗಿತ್ತು. "ಈ ರಾಕ್ಷಸನ ಗಲಾಟೇಲಿ ಒಂದು ಕೂಗೂ ಕಿವಿಗೆ ಬೀಳಲ್ಲ. ನೀನೇ ಹೇಳ್ಬೇಕು ಅಕ್ಕಾ" ಅನ್ನುತ್ತಿದ್ದ.

ಉಬ್ಬರದ ನೀರು ಒಳಗೆ ಬರುವುದು ಕಡಿಮೆಯಾಯಿತು. ಕೆಸರು ಗಟ್ಟಿಯಾಯಿತು. ಗಟ್ಟಿಯಾದ ಕೆಸರಿನಲ್ಲಿ ಹುಳ ಸತ್ತವು. ಮೂರನೆಯ ಚಳಿಗಾಲದ ಮೊದಲ ಭಾನುವಾರ ಅಕ್ಕ ದುರ್ಬೀನು ಎತ್ತಿದಾಗ ಬಯಲಿನಲ್ಲಿ ಬಿರುಕು ಕಂಡಳು, ಹಕ್ಕಿಗಳನ್ನು ಹುಡುಕಬೇಕಾಯಿತು.

ಅದರ ಹಿಂದಿನ ದಿನ ಶನಿವಾರ ಅವರು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ಡಾಕ್ಟರು ಒಳ್ಳೆಯ ಮನುಷ್ಯ; ಸುತ್ತಿ ಬಳಸಿ ಮಾತಾಡಲಿಲ್ಲ. "ಇನ್ನು ಬರೋದು ಬೇಡ. ಮಾಡೋದಕ್ಕೆ ಏನೂ ಉಳಿದಿಲ್ಲ" ಅಂದರು. ಆ ಹೊತ್ತಿಗೆ ತಮ್ಮನಿಗೆ ಬೆಳಕು ಕತ್ತಲೆಯ ವ್ಯತ್ಯಾಸ ಬಿಟ್ಟರೆ ಏನೂ ತಿಳಿಯುತ್ತಿರಲಿಲ್ಲ. ಮನೆಗೆ ಬಂದವನು ಊಟ ಮಾಡಲಿಲ್ಲ, ಮಾತಾಡಲಿಲ್ಲ, ಚಪ್ಪಲಿಯನ್ನೂ ಬಿಚ್ಚದೆ ಮಂಚದ ಮೇಲೆ ಕೂತಿದ್ದ. ಬೆಳಿಗ್ಗೆ ಮಾತ್ರ, "ಇವತ್ತು ಭಾನುವಾರ ಅಲ್ವಾ" ಅಂದ.

ಅಟ್ಟಣೆಯ ಬೆಂಚಿನ ಮೇಲೆ ಕೂತು ಕೇಳಿದ, "ಬಾಗುಕೊಕ್ಕು ಎಷ್ಟಿದಾವೆ?"

ಏಳಿದ್ದವು. ಒಡ್ಡಿನ ಕಡೆ, ಉಳಿದ ಒಂದು ನೀರಿನ ಪಟ್ಟಿಯಲ್ಲಿ, ಏಳೇ ಏಳು. ಅಕ್ಕ ಬಾಯಿ ತೆರೆದಳು. ತಮ್ಮನ ಮುಖ ನೋಡಿದಳು.

"ಎಪ್ಪತ್ತು" ಅಂದಳು.

"ಎಪ್ಪತ್ತು!" ಅವನ ಹುಬ್ಬು ಮೇಲಕ್ಕೇರಿತು. "ಮೊದಲ ವಾರಕ್ಕೇ ಎಪ್ಪತ್ತಾ? ನೋಡಿದ್ಯಾ, ಆ ಪಂಪಿಗೂ ಜಗ್ಗಿಲ್ಲ ನನ್ಮಕ್ಕಳು!" ಎರಡು ದಿನದಲ್ಲಿ ಅವನು ಆಡಿದ ಮೊದಲ ಉದ್ದದ ಮಾತು ಅದು. ಅಕ್ಕ ನೋಟುಪುಸ್ತಕದಲ್ಲಿ ಎಪ್ಪತ್ತು ಎಂದು ಬರೆದಳು. ಇದೊಂದು ವಾರ, ಅವನು ಸ್ವಲ್ಪ ಸುಧಾರಿಸಿಕೊಳ್ಳಲಿ, ಆಮೇಲೆ ನಿಜ ಹೇಳಿದರಾಯಿತು ಎಂದುಕೊಂಡಳು.

ಮುಂದಿನ ವಾರ ಇದ್ದದ್ದು ಐದು. ಎಪ್ಪತ್ತರಿಂದ ಐದಕ್ಕೆ ಇಳಿಸುವುದು ಹೇಗೆ? ಅವನು ಎದೆ ಒಡೆದುಕೊಳ್ಳುತ್ತಾನೆ. ಅದಕ್ಕೆ ಅರವತ್ತೆಂಟು ಅಂದಳು. ಅದರ ಮುಂದಿನ ವಾರ ಎಪ್ಪತ್ತೊಂಬತ್ತು. ಕೆಂಗಾಲಿ ಕೇಳಿದ, ಹೇಳಿದಳು. ಗೊರವ ಕೇಳಿದ, ಹೇಳಿದಳು. ಇಲ್ಲದ ಹಕ್ಕಿಯನ್ನು ಬಾಯಿಗೆ ಬಂದಂತೆ ಹೇಳುವವಳಲ್ಲ ಅವಳು. ಮಾಡುವ ಕೆಲಸ ಅಚ್ಚುಕಟ್ಟಾಗಿರಬೇಕು. ಶನಿವಾರ ಸಂಜೆ ಹಳೆಯ ಪುಸ್ತಕ ತೆಗೆದು, ಹಿಂದಿನ ವರ್ಷ ಅದೇ ವಾರ ಎಷ್ಟಿದ್ದವು ಎಂದು ನೋಡಿ, ನಾಲ್ಕು ಹೆಚ್ಚು, ಆರು ಕಡಿಮೆ ಮಾಡಿ ಮನಸ್ಸಿನಲ್ಲಿಟ್ಟುಕೊಳ್ಳುತ್ತಿದ್ದಳು. ಮಂಜಿದ್ದ ದಿನ ಕಡಿಮೆ ಹೇಳುವಳು, ಗಾಳಿ ಬಿಟ್ಟ ದಿನ ಗೊರವ ಜಾಸ್ತಿ ಮಾಡುವಳು. ಹರಿದ ಜಾಗ ಯಾವುದು, ತೇಪೆ ಯಾವುದು ಎಂದು ಗೊತ್ತಾಗದ ಹಾಗೆ ಹೊಲಿಯುವುದು ಅವಳ ಕಸುಬೇ ಆಗಿತ್ತಲ್ಲ.

ಒಂದು ಭಾನುವಾರ ತಮ್ಮ, "ಏನೂ ವಿಶೇಷ ಇಲ್ವಾ? ಬರೀ ನಂಬರ್ ಹೇಳ್ತೀಯಲ್ಲ" ಅಂದ. ಅವಳು ಗಾಬರಿಯಲ್ಲಿ, "ಒಂದು ಕೆಂಗಾಲಿಗೆ ಒಂದೇ ಕಾಲು ಕಣೋ, ಕುಂಟಿಕೊಂಡು ತಿಂತಿದೆ" ಅಂದುಬಿಟ್ಟಳು. ಅವನಿಗೆ ಅದು ಹಿಡಿಸಿತು. ಒಂಟಿಗಾಲಿ ಎಂದು ಹೆಸರಿಟ್ಟ. ಪ್ರತಿ ವಾರ ಅದರ ಯೋಗಕ್ಷೇಮ ಕೇಳುವನು. ಡಿಪೋದ ಹಳೆಯ ಗೆಳೆಯರು ಯಾರಾದರೂ ಸಿಕ್ಕರೆ, "ನಮ್ಮಲ್ಲೊಬ್ಬ ಇದಾನೆ, ಒಂದೇ ಕಾಲಲ್ಲಿ ಸಮುದ್ರ ದಾಟಿ ಬಂದಿದಾನೆ" ಎಂದು ಎದೆಯುಬ್ಬಿಸಿ ಹೇಳುವನು. ಬೆಳಿಗ್ಗೆ ತಾನೇ ಗಡ್ಡ ಹೆರೆದುಕೊಳ್ಳುವುದನ್ನು ಮತ್ತೆ ಶುರುಮಾಡಿದ. ಕೋಲು ಹಿಡಿದು ಮೆಟ್ಟಿಲಿಳಿಯಲು ಕಲಿತ. ಇದೆಲ್ಲ ನೋಡಿ ಅಕ್ಕನಿಗೆ, ತಾನು ಮಾಡಿದ್ದು ಸರಿಯೇ ಅನ್ನಿಸತೊಡಗಿತ್ತು.

ಒಮ್ಮೆ ಮಾತ್ರ ಸಿಕ್ಕಿಬೀಳುವುದರಲ್ಲಿದ್ದಳು. ಹಲಗೆ ಹಾದಿಯ ಗೇಟು ಕಾಯುವ ಮುದುಕ, "ಏನ್ ಸಾರ್, ಹಕ್ಕೀನೇ ಇಲ್ಲ, ಇನ್ನೂ ಬರ್ತೀರಲ್ಲ..." ಎಂದು ಶುರುಮಾಡಿದ. ಅಕ್ಕ ತುಟಿಯ ಮೇಲೆ ಬೆರಳಿಟ್ಟು, ಕೈ ಮುಗಿದಳು. ಮುದುಕ ಅವಳ ಮುಖ ನೋಡಿದ, ತಮ್ಮನ ಬಿಳಿ ಕೋಲು ನೋಡಿದ. "...ಅಂತ ಯಾರೋ ಹೇಳ್ತಿದ್ರು ಸಾರ್. ಅವರಿಗೇನ್ ಗೊತ್ತು. ಇವತ್ತು ಜೋರಾಗಿದೆ" ಅಂದ. ಅಲ್ಲಿಂದ ಪ್ರತಿ ವಾರ ಅವನೂ "ಜೋರಾಗಿದೆ ಸಾರ್" ಅನ್ನುತ್ತಿದ್ದ. ತಮ್ಮನಿಗೆ ಕೇಳಿಸಲೆಂದು ಸ್ವಲ್ಪ ಗಟ್ಟಿಯಾಗಿಯೇ ಅನ್ನುತ್ತಿದ್ದ.

ಬೇರೆ ನೋಡುಗರು ಅಷ್ಟು ಹೊತ್ತಿಗೆ ಬರುವುದನ್ನು ಬಿಟ್ಟಿದ್ದರು. ಲಾರಿ ಓಡಾಡಿ ರಸ್ತೆ ಹಾಳಾಗಿತ್ತು, ಧೂಳು. ಗಣತಿ ಮೇಡಂಗೆ ಕರಾವಳಿಯುದ್ದಕ್ಕೂ ಇಪ್ಪತ್ತು ಜಾಗ, ನೋಡಿಕೊಳ್ಳಲು ಅವಳೊಬ್ಬಳೇ. ತಿಂಗಳಿಗೊಮ್ಮೆ ಫೋನು ಮಾಡಿ ತಮ್ಮನ ಜತೆ ಮಾತಾಡುವಳು. "ಬೇರೆ ಕಡೆ ಎಲ್ಲ ಕಡಿಮೆ ಆಗ್ತಿದೆ ಸಾರ್. ನಿಮ್ಮಲ್ಲಿ ಮಾತ್ರ ಗಟ್ಟಿಯಾಗಿದೆ. ನನಗೇ ಆಶ್ಚರ್ಯ" ಅನ್ನುವಳು. ತಮ್ಮ ಬೀಗುವನು. ಅಕ್ಕ ಎದ್ದು ಒಲೆಯ ಕಡೆ ಹೋಗುವಳು. ಲೆಕ್ಕವನ್ನು ಕಳಿಸದೆ ಇರಬಹುದಿತ್ತು. ಆದರೆ ಅವನು "ಕಳಿಸಿದ್ಯಾ?" ಎಂದು ಕೇಳುತ್ತಿದ್ದ, ಫೋನಿನಲ್ಲಿ ಮೇಡಂ "ಬಂತು ಸಾರ್" ಅನ್ನಬೇಕಿತ್ತು. ಯಾವುದೋ ಆಫೀಸಿನ ಕಪಾಟಿನಲ್ಲಿ ಬಿದ್ದಿರುವ ನಂಬರಿನಿಂದ ಯಾರಿಗೇನು ತೊಂದರೆ ಎಂದು ಅವಳು ತನಗೇ ಸಮಾಧಾನ ಹೇಳಿಕೊಂಡಿದ್ದಳು.

ಸುಳ್ಳು ಲೆಕ್ಕದ ಎರಡನೆಯ ಚಳಿಗಾಲವೂ ಹೀಗೆ ಮುಗಿಯುತ್ತಿರುವಾಗ ಗಣತಿ ಮೇಡಂ ಫೋನು ಮಾಡಿದಳು. ದನಿ ಬೇರೆ ಥರ ಇತ್ತು.

"ಸಾರ್, ಬಂದರಿನವರು ಉಳಿದ ಬಯಲನ್ನೂ ಮುಚ್ಚೋದಕ್ಕೆ ಅರ್ಜಿ ಹಾಕಿದಾರೆ. ಗುರುವಾರ ಹನ್ನೊಂದು ಗಂಟೆಗೆ ಅಹವಾಲು ಸಭೆ ಇದೆ. ನೀವು ಬಂದು ಮಾತಾಡಬೇಕು. ಹನ್ನೊಂದು ವರ್ಷದಲ್ಲಿ ಒಂದು ವಾರಾನೂ ಬಿಡದೆ ಬರೆದ ಲೆಕ್ಕ ಇಡೀ ಕರಾವಳಿಯಲ್ಲಿ ನಿಮ್ಮದೊಂದೇ."

"ಬರ್ತೀನಿ ಮೇಡಂ. ಬರದೆ ಇರ್ತೀನಾ? ಅಕ್ಕಾ, ನನ್ನ ಇಸ್ತ್ರಿ ಶರ್ಟು ಎಲ್ಲಿದೆ?"

ಗುರುವಾರದವರೆಗೆ ನಾಲ್ಕು ದಿನ ಇತ್ತು. ನಾಲ್ಕು ದಿನವೂ ಅಕ್ಕ ಹೇಳಬೇಕೆಂದುಕೊಂಡಳು. ಅನ್ನ ಬಡಿಸುವಾಗ, ಶರ್ಟಿಗೆ ಇಸ್ತ್ರಿ ಹಾಕುವಾಗ, ಅವನು ಕನ್ನಡಿಯಿಲ್ಲದ ಗೋಡೆಯ ಮುಂದೆ ನಿಂತು ಭಾಷಣ ಒಪ್ಪಿಸುವಾಗ. ಹೇಳದೆಯೇ ಗುರುವಾರ ಬಂತು.

ಸಭೆ ಒಂದು ಶಾಲೆಯ ದೊಡ್ಡ ಹಾಲಿನಲ್ಲಿತ್ತು. ಮಕ್ಕಳ ಬೆಂಚುಗಳ ಮೇಲೆ ದೊಡ್ಡವರು ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತಿದ್ದರು. ಮೇಜಿನ ಹಿಂದೆ ಸಭೆ ನಡೆಸುವ ಅಧಿಕಾರಿ, ಪಕ್ಕದಲ್ಲಿ ಬಂದರಿನ ಇಂಜಿನಿಯರು. ಇಂಜಿನಿಯರು ಗದರುವ ಮನುಷ್ಯನಲ್ಲ. ತಣ್ಣಗೆ, ಮರ್ಯಾದೆಯಿಂದ ಮಾತಾಡಿದ. ಪರದೆಯ ಮೇಲೆ ಒಂದು ಗೆರೆ ಮೂಡಿತು.

"ಹಕ್ಕಿಗಳ ಬಗ್ಗೆ ಆತಂಕ ಇದೆ ಅಂತ ಗೊತ್ತು. ಇದು ನಮ್ಮ ಲೆಕ್ಕ ಅಲ್ಲ, ಇಲ್ಲಿನ ವೀಕ್ಷಕರದ್ದೇ ಲೆಕ್ಕ, ಸಂಘದ ದಾಖಲೆಯಿಂದ ತಗೊಂಡಿದ್ದು. ಒಡ್ಡು ಹಾಕಿದ್ದು ಇಲ್ಲಿ, ನೋಡಿ. ಅದಾದ ಮೇಲೆ ಎರಡು ಚಳಿಗಾಲ. ಸಂಖ್ಯೆ ಇಳಿದಿಲ್ಲ. ಹಕ್ಕಿಗಳು ಹೊಂದಿಕೊಂಡಿವೆ. ಮುಂದೆಯೂ ಹೊಂದಿಕೊಳ್ತವೆ."

ಅಕ್ಕ ಆ ಗೆರೆಯನ್ನೇ ನೋಡುತ್ತಾ ಕೂತಳು. ಒಂದು ಸುಕ್ಕಿಲ್ಲ, ಒಂದು ಎಳೆ ತಪ್ಪಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅಷ್ಟು ಚೆನ್ನಾಗಿ ಅವಳು ಏನನ್ನೂ ಹೊಲಿದಿರಲಿಲ್ಲ.

ತಮ್ಮ ಕೋಲೂರಿ ಎದ್ದ. ಯಾರೋ ಮೈಕು ಕೊಟ್ಟರು. "ನಾನು ಆ ರೂಟಿನ ಡ್ರೈವರು" ಎಂದು ಶುರುಮಾಡಿದ. ಮೇಷ್ಟ್ರ ಬಗ್ಗೆ, ದೂರದಿಂದ ಬರುವ ಹಿಂಡುಗಳ ಬಗ್ಗೆ ಹೇಳಿದ. "ಇಷ್ಟೆಲ್ಲ ಗಲಾಟೆಯಲ್ಲೂ ಅವು ಆ ಜಾಗ ಬಿಟ್ಟಿಲ್ಲ ಸ್ವಾಮಿ. ಅದನ್ನೂ ಮುಚ್ಚಿಬಿಟ್ರೆ ಎಲ್ಲಿಗೆ ಹೋಗ್ತಾವೆ? ಅಲ್ಲೊಂದು ಒಂಟಿಗಾಲಿನ ಹಕ್ಕಿ ಇದೆ..." ಸಭೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಇಂಜಿನಿಯರು ತಲೆಯಾಡಿಸಿದ. "ಸಾರ್, ನಿಮ್ಮ ಮೇಲೆ ತುಂಬ ಗೌರವ ಇದೆ. ನಿಜ ಹೇಳಬೇಕು ಅಂದ್ರೆ ನಮಗೆ ಧೈರ್ಯ ಕೊಟ್ಟಿದ್ದೇ ನಿಮ್ಮ ಲೆಕ್ಕ."

ತಮ್ಮ ಮೈಕು ಹಿಡಿದು ನಿಂತೇ ಇದ್ದ. ಅಕ್ಕ ಎದ್ದು ನಿಂತಳು. ಮೈಕು ಕೇಳಲಿಲ್ಲ.

"ಆ ಲೆಕ್ಕ ಸುಳ್ಳು" ಅಂದಳು. "ಎರಡು ವರ್ಷದ್ದು ಪೂರ್ತಿ ಸುಳ್ಳು. ಅಲ್ಲಿ ಹಕ್ಕಿ ಇಲ್ಲ. ಒಡ್ಡು ಹಾಕಿದ ಮೇಲೆ ಬಂದೇ ಇಲ್ಲ. ಇವನಿಗೆ ಕಣ್ಣು ಕಾಣಲ್ಲ. ಎಣಿಸಿದ್ದು ನಾನು, ಬರೆದಿದ್ದೂ ನಾನು. ಇವನಿಗೆ ಬೇಜಾರಾಗುತ್ತೆ ಅಂತ ಹಾಗೆ ಹೇಳಿದೆ."

ತಮ್ಮ ಅವಳ ದನಿ ಬಂದ ಕಡೆಗೆ ಕತ್ತು ತಿರುಗಿಸಿದ, ಆದರೆ ಸ್ವಲ್ಪ ಪಕ್ಕಕ್ಕೆ, ಕಿಟಕಿಯ ಕಡೆಗೆ ತಿರುಗಿಸಿದ.

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡ. "ಅಮ್ಮಾ, ನೀವು ಹೇಳೋದು ಸರಿಯಾಗಿ ಅರ್ಥ ಆಗ್ಲಿ ಅಂತ ಕೇಳ್ತೀನಿ. ಬೇಕಂತಲೇ ತಪ್ಪು ಲೆಕ್ಕ ಕೊಟ್ರಾ?"

"ಕೊಟ್ಟೆ."

"ಅದಕ್ಕೆ ಮುಂಚಿನದ್ದು?"

"ಮುಂಚಿನದ್ದೆಲ್ಲ ಸರಿ ಸ್ವಾಮಿ. ಒಂದೊಂದೂ ಸರಿ. ಹೋಗಿ ನೋಡಿ ಈಗ, ಒಂದು ಹಕ್ಕಿ ಇದ್ರೆ ಕೇಳಿ."

"ಈಗ ಸೀಸನ್ ಮುಗೀತಾ ಬಂತು ಅಲ್ವಾ, ಈಗ ಹೋಗಿ ನೋಡಿದ್ರೆ ಏನು ಗೊತ್ತಾಗುತ್ತೆ?" ಇಂಜಿನಿಯರು ಮೆಲ್ಲಗೆ ಅಂದ. ಕೊಂಕಿಗೆ ಅಂದದ್ದಲ್ಲ, ಅದು ನಿಜವೇ ಆಗಿತ್ತು.

ಅಧಿಕಾರಿ ಪಕ್ಕದವರ ಜತೆ ಪಿಸುಗುಟ್ಟಿ ಹೇಳಿದ, "ಹಾಗಾದ್ರೆ ಯಾವುದು ಸರಿ, ಯಾವುದು ಸುಳ್ಳು ಅಂತ ನಾವು ಹೇಗೆ ತಿಳ್ಕೊಳ್ಳೋದು? ಈ ದಾಖಲೆಯನ್ನ ಪೂರ್ತಿ ಕೈಬಿಡ್ತೀವಿ. ಆ ಕಡೆಯವರೂ ಬಳಸೋ ಹಾಗಿಲ್ಲ, ಈ ಕಡೆಯವರೂ ಬಳಸೋ ಹಾಗಿಲ್ಲ."

ಗಣತಿ ಮೇಡಂ ಏನೋ ಹೇಳಲು ಕೈ ಎತ್ತಿದ್ದಳು, ಹಾಗೇ ಇಳಿಸಿದಳು. ಒಡ್ಡು ಹಾಕುವ ಮುಂಚೆ ಆ ಬಯಲಿನಲ್ಲಿ ಸಾವಿರಗಟ್ಟಲೆ ಹಕ್ಕಿಗಳಿದ್ದವು ಎಂಬುದಕ್ಕೆ ಬರವಣಿಗೆಯಲ್ಲಿದ್ದ ಸಾಕ್ಷಿ ಆ ನೋಟುಪುಸ್ತಕ ಒಂದೇ. ಅದೂ ಹೋಯಿತು. ಹೊರಗೆ ಜಗಲಿಯಲ್ಲಿ ಅಕ್ಕ ಅವಳ ಹತ್ತಿರ ಹೋದಳು. ಮೇಡಂ ಸಿಟ್ಟಾಗಲಿಲ್ಲ. "ನಾನೇ ಒಂದು ಸಲ ಬಂದು ನೋಡಬೇಕಿತ್ತು ಅಕ್ಕಾ" ಎಂದಷ್ಟೇ ಅಂದು, ಚೀಲ ಹೆಗಲಿಗೇರಿಸಿ ಹೊರಟುಹೋದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಬಸ್ಸಿನಲ್ಲಿ ತಮ್ಮ ಕಿಟಕಿಯ ಪಕ್ಕ ಕೂತ. ಡ್ರೈವರು ಅವನ ಹಳೆಯ ಗೆಳೆಯ, "ಏನ್ ಕೊಕ್ಕರೆ, ಇಸ್ತ್ರಿ ಶರ್ಟು!" ಎಂದು ಚೇಷ್ಟೆ ಮಾಡಿದ. ನಾಲ್ಕು ನಿಲ್ದಾಣ ದಾಟಿದ ಮೇಲೆ ತಮ್ಮ ಬಾಯಿ ಬಿಟ್ಟ.

"ಯಾವತ್ತಿಂದ?"

"ಡಾಕ್ಟರ ಹತ್ರ ಹೋಗಿ ಬಂದ್ವಲ್ಲ, ಮಾರನೇ ದಿನದಿಂದ."

"ಎಪ್ಪತ್ತು ಅಂದ್ಯಲ್ಲ, ಅವತ್ತು?"

"ಏಳಿತ್ತು ಕಣೋ."

ಬಸ್ಸು ತಿರುವು ತಗೊಂಡಾಗ ಅವನ ಬಲಗಾಲು ತನ್ನಷ್ಟಕ್ಕೇ ಇಲ್ಲದ ಬ್ರೇಕನ್ನು ಒತ್ತಿತು.

"ಒಂಟಿಗಾಲಿ?"

ಅಕ್ಕ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವನಿಗೆ ಗೊತ್ತಾಯಿತು.

"ಏಳು ಅಂತ ಹೇಳಿದ್ರೆ ನಾನು ಸಾಯ್ತಿರಲಿಲ್ಲ ಅಕ್ಕಾ" ಅಂದ. "ಅವತ್ತೇ ಬಾಯಿ ಬಡ್ಕೊಂಡು ಎಲ್ಲರಿಗೂ ಹೇಳ್ತಿದ್ದೆ. ಹಕ್ಕಿ ಹೋಗ್ತಿದಾವೆ, ಬನ್ನಿ ಅಂತ. ಎರಡು ವರ್ಷ ಇತ್ತು. ಅಷ್ಟು ದಿನ ಏನಾದ್ರೂ ಮಾಡಬಹುದಿತ್ತು. ನಾನು ಅಲ್ಲಿ ಕೂತು ಖಾಲಿ ಕೆಸರಿಗೆ ಶಬಾಷ್ ಅಂತಿದ್ದೆ."

"ನಿನ್ನ ಮುಖ ನೋಡೋಕಾಗಲಿಲ್ಲ ಕಣೋ."

"ನಂಗೂ ಕಾಣಲ್ಲವಲ್ಲ ನಿನ್ನ ಮುಖ. ಕಂಡಿದ್ರೆ ಗೊತ್ತಾಗ್ತಿತ್ತು."

ಇಳಿಯುವಾಗ ಅವಳು ಕೈ ಕೊಟ್ಟಳು. ಅವನು ಕಂಬಿ ಹಿಡಿದು ಇಳಿದ.

ಬೇಸಿಗೆಯಲ್ಲಿ ಅಪ್ಪಣೆ ಬಂತು. ಹಕ್ಕಿಗಳ ವಿಷಯದಲ್ಲಿ ನಂಬತಕ್ಕ ಮಾಹಿತಿ ಲಭ್ಯವಿಲ್ಲ ಎಂದು ಅದರಲ್ಲಿ ಒಂದೇ ಒಂದು ಸಾಲು ಇತ್ತಂತೆ. ಲಾರಿಗಟ್ಟಲೆ ಮಣ್ಣು ಬಂದು ಬಿತ್ತು. ಹಲಗೆ ಹಾದಿಯ ಹಲಗೆಗಳನ್ನು ಕಿತ್ತು ಒಟ್ಟಿದರು, ಕಂಬಗಳನ್ನು ಅಲ್ಲೇ ಬಿಟ್ಟು ಮುಚ್ಚಿದರು. ಗೇಟು ಕಾಯುವ ಮುದುಕನನ್ನು ಲಾರಿ ಅಂಗಳದ ಗೇಟಿಗೆ ಹಾಕಿಕೊಂಡರು. ಬಸ್ಸಿನ ಕೊನೆಯ ನಿಲ್ದಾಣ ಎರಡು ಮೈಲಿ ಈಚೆಗೆ ಬಂತು.

ತಮ್ಮ ಜಗಳವಾಡಲಿಲ್ಲ. ಜಗಳವಾಡಿದ್ದರೆ ಅಕ್ಕ ಅತ್ತು, ಕಾಲು ಹಿಡಿದು, ಹೇಗೋ ಸರಿಮಾಡಿಕೊಳ್ಳುತ್ತಿದ್ದಳು. ಅವನು ಅವಳ ಜತೆ ಮೊದಲಿನಂತೆಯೇ ಇದ್ದ. ಅವಳ ಮಾತನ್ನು ನಂಬುವುದನ್ನು ಮಾತ್ರ ಬಿಟ್ಟ. ಸಾರಿಗೆ ಉಪ್ಪು ಸರಿಯಾಗಿದೆ ಎಂದರೆ ಬೆರಳದ್ದಿ ನೋಡುವನು. ಮಳೆ ಬರ್ತಿದೆ ಕಣೋ, ಹೊರಗೆ ಹೋಗಬೇಡ ಎಂದರೆ ಎದ್ದು ಹೋಗಿ ಕಿಟಕಿಯಿಂದ ಕೈ ಚಾಚಿ, ಹನಿ ಬಿದ್ದ ಮೇಲೆಯೇ ಒಳಗೆ ತೆಗೆಯುವನು. ಪೇಪರನ್ನು ಕೆಳಗಿನ ಸೈಕಲ್ ಅಂಗಡಿಯವನಿಂದ ಓದಿಸಿಕೊಳ್ಳುವನು. ಗಡ್ಡ ಬೆಳೆಯಿತು. ಮೆಟ್ಟಿಲಿಳಿಯುವುದು ವಾರಕ್ಕೊಮ್ಮೆ ಆಯಿತು, ಆಮೇಲೆ ಅದೂ ನಿಂತಿತು.

ಆ ವರ್ಷದ ಚಳಿಗಾಲದಲ್ಲಿ ಒಂದು ಭಾನುವಾರ ಬೆಳಿಗ್ಗೆ ಅಕ್ಕ ಒಬ್ಬಳೇ ಹೋದಳು. ಯಾಕೆ ಹೋದೆ ಎಂದು ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಬಸ್ಸು ನಿಂತಲ್ಲಿಂದ ಧೂಳಿನಲ್ಲಿ ಎರಡು ಮೈಲಿ ನಡೆದಳು. ಲಾರಿ ಅಂಗಳದ ಮುಳ್ಳುತಂತಿಯ ಆಚೆ, ಒಡ್ಡಿನ ಬುಡದಲ್ಲಿ, ಇನ್ನೂ ಮಣ್ಣು ಬೀಳದ ಒಂದು ಹೊಂಡದಲ್ಲಿ ನೀರು ನಿಂತಿತ್ತು. ಅದರ ಅಂಚಿನಲ್ಲಿ ಹಕ್ಕಿಗಳಿದ್ದವು. ನಿಜವಾಗಿಯೂ ಇದ್ದವು. ಅವಳು ದುರ್ಬೀನು ತಂದಿರಲಿಲ್ಲ. ಕಣ್ಣು ಕಿರಿದು ಮಾಡಿ ಎಣಿಸಿದಳು. ಹತ್ತರ ಕಟ್ಟು ಕಟ್ಟಲಿಲ್ಲ, ಒಂದೊಂದಾಗಿ ಎಣಿಸಿದಳು. ಮತ್ತೆ ಎಣಿಸಿದಳು. ನಲವತ್ಮೂರು ಕೆಂಗಾಲಿ, ಒಂದು ಬಕ.

ಮನೆಗೆ ಬಂದು ಕಾಲು ತೊಳೆದು, ತಮ್ಮನ ಮುಂದೆ ಕೂತಳು.

"ಅಲ್ಲಿಗೆ ಹೋಗಿದ್ದೆ ಕಣೋ. ಒಂದು ಹೊಂಡ ಉಳಿದಿದೆ. ನಲವತ್ಮೂರು ಕೆಂಗಾಲಿ ಇದಾವೆ. ಎರಡು ಸಲ ಎಣಿಸಿದೆ."

ಅವನು ಅವಳ ಕಡೆಗೆ ಮುಖ ಮಾಡಿ ಕೇಳಿಸಿಕೊಂಡ.

"ಇರಬಹುದು" ಅಂದ. ಆಮೇಲೆ, "ಆ ರೇಡಿಯೋ ಸ್ವಲ್ಪ ಹಾಕ್ತೀಯಾ" ಅಂದ.

ಅಕ್ಕ ಎದ್ದು ರೇಡಿಯೋ ಹಾಕಿದಳು. ನಾಳೆ ಸೋಮವಾರ, ಆಸ್ಪತ್ರೆಯಿಂದ ಮನೆಗೆ ತಂದಿದ್ದ ಮೂರು ನಿಲುವಂಗಿಗೆ ಇನ್ನೂ ಪಟ್ಟಿ ಹೊಲಿಯುವುದಿತ್ತು. ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು, ಸೂಜಿಗೆ ದಾರ ಪೋಣಿಸಲು ಕೂತಳು.